ಹೆಗಲ ಮೇಲಿನ ನಾಲ್ಕು ಬೆರಳು

ಅವಳು ತೀರಿಕೊಂಡ ಎಂಟನೆಯ ದಿನ, ಶನಿವಾರ ಸಂಜೆ ಐದು ಗಂಟೆಗೆ, ಗುಬ್ಬಿ ಹತ್ತಿರದ ಕಡಬದಿಂದ ಅವಳ ತಮ್ಮ ಫೋನ್ ಮಾಡಿದ. ಮಂಗಳವಾರ ತಿಥಿ. ಪೂಜೆಗೆ ಇಡಲು ಒಂದು ಫೋಟೊ ಬೇಕು. ಅವರ ಮನೆಯಲ್ಲಿದ್ದದ್ದು ಅವಳು ನರ್ಸಿಂಗ್ ಸೇರಿದಾಗ ತೆಗೆಸಿದ ಕಪ್ಪುಬಿಳುಪು ಚಿತ್ರ ಒಂದೇ. ಅದನ್ನಿಟ್ಟರೆ ಊರಿನವರು ಇದು ಯಾರ ತಿಥಿ ಎಂದು ಕೇಳುತ್ತಾರೆ ಎಂದ. ನನ್ನ ಕಂಪ್ಯೂಟರಿನಲ್ಲಿ ಇರಬಹುದಲ್ಲ ಎಂದ. ಇದೆ, ಸೋಮವಾರ ತಂದುಕೊಡುತ್ತೇನೆ ಎಂದೆ. ಫೋನ್ ಇಡುವ ಮುಂಚೆ ಸ್ವಲ್ಪ ತಡೆದು ಹೇಳಿದ.

"ಅಕ್ಕ, ಒಬ್ರುದ್ದೇ ಇರ್ಬೇಕಂತೆ. ಪಕ್ಕದಲ್ಲಿ ಬದುಕಿರೋರು ಇರ್ಬಾರ್ದಂತೆ. ಅತ್ತೆ ಹೇಳವ್ರೆ."

ಅತ್ತೆ ಎಂದರೆ ಅವರ ತಂದೆಯ ತಂಗಿ, ಎಂಬತ್ತು ದಾಟಿದ ಹೆಂಗಸು. ಆ ಮನೆಯ ಶಾಸ್ತ್ರಗಳೆಲ್ಲ ಆಕೆಯ ಬಾಯಲ್ಲೇ ಇವೆ. ಈ ನಿಯಮ ನನಗೇನೂ ಹೊಸದಲ್ಲ. ಹಾರ ಹಾಕುವ ಫೋಟೊದಲ್ಲಿ ಬದುಕಿರುವವರು ಇರಕೂಡದು ಎಂಬುದನ್ನು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಪಾಲಿಸುತ್ತಾರೆ. ಗಂಡ ಹೆಂಡತಿ ಜೊತೆಗೆ ನಿಂತ ಫೋಟೊ ಒಂದೇ ಇದ್ದರೂ ಸ್ಟುಡಿಯೋಗೆ ಕೊಟ್ಟು, ಉಳಿದವರನ್ನು ಕತ್ತರಿಸಿ ತೆಗೆಸಿ, ಹಿಂದೆ ನೀಲಿ ಬಣ್ಣ ತುಂಬಿಸಿ ತರುತ್ತಾರೆ. ಬದುಕಿನಲ್ಲಿ ಎಂದೂ ಕೋಟು ತೊಡದ ಗಂಡಸರು ಗೋಡೆ ಮೇಲೆ ಸ್ಟುಡಿಯೋದವರು ಅಂಟಿಸಿದ ಕೋಟು ಹಾಕಿಕೊಂಡಿರುವುದು ಹೀಗೆಯೇ.

ನಾವು ಯಾರೆಂದು ಹೇಳಿಬಿಡುತ್ತೇನೆ. ಇಬ್ಬರೂ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವರು. ನಾನು ಅವಳಿಗಿಂತ ಎರಡು ವರ್ಷ ಸೀನಿಯರ್. ಕುಣಿಗಲ್‌ನಲ್ಲಿ ಏಳು ವರ್ಷ ಒಂದೇ ಕ್ವಾರ್ಟರ್ಸ್‌ನಲ್ಲಿದ್ದೆವು. ಆಮೇಲೆ ಇಬ್ಬರಿಗೂ ತುಮಕೂರಿಗೆ ವರ್ಗವಾಯಿತು. ಇಬ್ಬರೂ ಮದುವೆಯಾಗಲಿಲ್ಲ. ಅವಳ ಕಾರಣ ಬೇರೆ, ನನ್ನ ಕಾರಣ ಬೇರೆ. ಅವು ಇಲ್ಲಿಗೆ ಬೇಡ. ನಾನು ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿಸಿದಾಗ ಅವಳು ಒಂದು ಟ್ರಂಕು, ಒಂದು ಹೊಲಿಗೆ ಮಿಷನ್, ಮೂರು ತುಳಸಿ ಕುಂಡ ತಂದು ಮುಂದಿನ ರೂಮು ಹಿಡಿದಳು. ನಿವೃತ್ತರಾದ ಮೇಲೂ ಒಬ್ಬರನ್ನೊಬ್ಬರು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಬೀದಿಯವರಿಗೂ ನಾವಿಬ್ಬರೂ ಸಿಸ್ಟರ್‌ಗಳೇ. ಗೇಟಿನ ಬಳಿ ಯಾರಾದರೂ ಸಿಸ್ಟರ್ ಎಂದು ಕೂಗಿದರೆ ಇಬ್ಬರೂ ಒಟ್ಟಿಗೆ ಓ ಎನ್ನುತ್ತಿದ್ದೆವು. ಈಗ ನಾನೊಬ್ಬಳೇ ಓ ಎನ್ನುತ್ತೇನೆ. ಎದ್ದು ಹೋಗಿ ನೋಡಿದರೆ ಅವರು ಕೇಳಿಕೊಂಡು ಬಂದದ್ದು ಅವಳನ್ನು, ರವಿಕೆ ಹೊಲಿಸುವುದಕ್ಕೆ.

ನನ್ನದು ಗಡಿಯಾರಕ್ಕೆ ಕಟ್ಟಿದ ದಿನಚರಿ. ನರ್ಸಿಂಗ್ ಹಾಸ್ಟೆಲಿನಲ್ಲಿ ಮೇಟ್ರನ್ ಬೆಳಿಗ್ಗೆ ಐದೂವರೆಗೆ ಬಂದು ಹಾಸಿಗೆಯ ಮೂಲೆ ಸರಿಯಾಗಿ ಮಡಿಸಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದರು. ಆ ಬೆರಳು ಇನ್ನೂ ನನ್ನ ಬೆನ್ನ ಹಿಂದೆ ಇದೆ ಎನಿಸುತ್ತದೆ. ಐದಕ್ಕೆ ಎದ್ದು ಆರಕ್ಕೆ ಕಾಫಿ ಕುಡಿಯುತ್ತೇನೆ, ಒಂಬತ್ತಕ್ಕೆ ಗೇಟಿಗೆ ಬೀಗ ಹಾಕುತ್ತೇನೆ. ಅವಳು ಡ್ಯೂಟಿಯಲ್ಲಿ ಅಚ್ಚುಕಟ್ಟು. ಮನೆಗೆ ಬಂದರೆ ಒಂದು ಚಪ್ಪಲಿ ಬಾಗಿಲ ಒಳಗೆ, ಇನ್ನೊಂದು ಹೊರಗೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಅವಳ ಬಿಪಿ ನೋಡುತ್ತಿದ್ದೆ, ಅವಳು ನನ್ನದು ನೋಡುತ್ತಿದ್ದಳು. ಹಳೆಯ ಪಾದರಸದ ಯಂತ್ರ. ನನ್ನದನ್ನು ನಾನೇ ನೋಡಿಕೊಳ್ಳಲು ಈಗ ಒಂದೆರಡು ಸಲ ಪ್ರಯತ್ನಿಸಿದೆ. ಪಟ್ಟಿ ಒಂದು ಕೈಯಲ್ಲಿ ಸುತ್ತಬೇಕು, ಬಲೂನು ಒತ್ತಬೇಕು, ಸ್ಟೆತಸ್ಕೋಪ್ ಹಿಡಿಯಬೇಕು. ಬರುವ ಲೆಕ್ಕ ನಂಬುವಂತಿರುವುದಿಲ್ಲ.

ಫೋಟೊಗಳ ವಿಷಯಕ್ಕೆ ಬರುತ್ತೇನೆ. ನಿವೃತ್ತಿಯ ಮರುವರ್ಷ ನಾನು ಬಿ.ಎಚ್. ರಸ್ತೆಯ ಒಂದು ಕಂಪ್ಯೂಟರ್ ತರಗತಿಗೆ ಸೇರಿದೆ. ಅಲ್ಲಿ ಕಲಿತದ್ದರಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಫೋಟೊ ಜೋಡಿಸಿಡುವ ಸಾಫ್ಟ್‌ವೇರ್. ವರ್ಷ, ತಿಂಗಳು, ಊರು ಎಂದು ಸಾಲಾಗಿ ಇಡುತ್ತದೆ. ಕೆಳಗೆ ಒಂದು ಸಾಲು ಬರೆದಿಡಬಹುದು. ಅದರ ಜೊತೆಗೆ ಫೋಟೊ ತಿದ್ದುವ ಸಾಫ್ಟ್‌ವೇರ್ ಬೇರೆ ಇರುತ್ತದೆ. ನಾನು ತಿಳಿದುಕೊಂಡದ್ದು ಹೀಗೆ: ಮೊದಲನೆಯದು ಆಸ್ಪತ್ರೆಯ ರೆಕಾರ್ಡ್ ರೂಮು, ಎರಡನೆಯದು ಆಪರೇಷನ್ ಥಿಯೇಟರ್. ರೆಕಾರ್ಡ್ ರೂಮಿನಿಂದ ಫೋಟೊವನ್ನು ಥಿಯೇಟರಿಗೆ ಕಳಿಸಬೇಕು. ಅಲ್ಲಿ ಕೆಲಸ ಮುಗಿದ ಮೇಲೆ ಅದು ತಿರುಗಿ ತನ್ನ ಜಾಗಕ್ಕೇ ಬಂದು ಕೂರುತ್ತದೆ.

ಕಳಿಸುವಾಗ ಪ್ರತಿ ಸಲವೂ ಒಂದು ಪ್ರಶ್ನೆ ಬರುತ್ತದೆ. ಮೂಲವನ್ನೇ ತಿದ್ದುವುದೋ, ನಕಲು ಮಾಡಿ ತಿದ್ದುವುದೋ? ನಾನು ಯಾವತ್ತೂ ಮೂಲ ಎಂದೇ ಒತ್ತಿದವಳು. ನಕಲು ಎಂದರೆ ಒಂದೇ ಫೋಟೊ ಎರಡಾಗುತ್ತದೆ. ವಾರ್ಡಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಒಬ್ಬ ರೋಗಿಗೆ ಒಂದೇ ಕೇಸ್ ಶೀಟ್. ಎರಡಾದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಇರುವುದಿಲ್ಲ, ಕೊಟ್ಟ ಇಂಜೆಕ್ಷನ್ನನ್ನೇ ಮತ್ತೆ ಕೊಡುತ್ತಾರೆ. ಹತ್ತು ವರ್ಷದಿಂದ ಹೀಗೆಯೇ ನಡೆದಿತ್ತು. ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡುವುದು, ಕತ್ತಲೆ ಇದ್ದರೆ ಬೆಳಕು ಹೆಚ್ಚಿಸುವುದು, ಅಷ್ಟೇ ನನ್ನ ಆಪರೇಷನ್. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅವಳು ಇದನ್ನೆಲ್ಲ ಬಾಗಿಲಿಗೆ ಒರಗಿ ನೋಡಿ ನಗುತ್ತಿದ್ದಳು. "ಫೋಟೋಗೂ ಡ್ಯೂಟಿ ಚಾರ್ಟ್ ಹಾಕ್ತೀರಲ್ಲ ಸಿಸ್ಟರ್, ಅವಕ್ಕೆ ರಜಾ ಯಾವಾಗ?"

ಶನಿವಾರ ಸಂಜೆಯೇ ಕೂತು ಹುಡುಕಿದೆ. ಅವಳಿಗೆ ಕ್ಯಾಮೆರಾ ಎಂದರೆ ಆಗದು. ನಾನು ಎತ್ತಿದರೆ ಸೆರಗು ಮುಖಕ್ಕೆ ಬರುತ್ತಿತ್ತು, ಇಲ್ಲವೇ ಒಲೆ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು. ಒಬ್ಬಳೇ ಇರುವ ಫೋಟೊ ನಾಲ್ಕು ಸಿಕ್ಕವು. ಎರಡರಲ್ಲಿ ಕಣ್ಣು ಮುಚ್ಚಿದ್ದಾಳೆ. ಒಂದರಲ್ಲಿ ಬೆನ್ನು. ನಾಲ್ಕನೆಯದು ಆಧಾರ್ ಕಾರ್ಡಿನದು; ಅದನ್ನು ನೋಡಿ ಅವಳೇ, ಇದನ್ನು ಯಾವ ಪೊಲೀಸ್ ಠಾಣೆಯ ಗೋಡೆಯಿಂದ ಕಿತ್ತು ತಂದರು ಎಂದು ಕೇಳಿದ್ದಳು. ಅವಳು ಅವಳಂತೆಯೇ ಇದ್ದ ಫೋಟೊ ಒಂದೇ. ಅದರಲ್ಲಿ ನಾನೂ ಇದ್ದೆ.

ಅದು ಐದು ವರ್ಷದ ಹಿಂದಿನದು. ಹಳೆಯ ಕ್ವಾರ್ಟರ್ಸ್ ನೋಡಿ ಬರೋಣ ಎಂದು ಕುಣಿಗಲ್‌ಗೆ ಹೋಗಿದ್ದೆವು. ಕ್ವಾರ್ಟರ್ಸ್‌ಗೆ ಬೀಗ ಹಾಕಿತ್ತು, ಅಂಗಳದಲ್ಲಿ ಪಾರ್ಥೇನಿಯಂ ಬೆಳೆದಿತ್ತು. ಅವಳು ಕಿಟಕಿಯಲ್ಲಿ ಇಣುಕಿ, ನಮ್ಮ ಕ್ಯಾಲೆಂಡರಿನ ಮೊಳೆ ಇನ್ನೂ ಇದೆ ಎಂದು ಹೇಳಿದಳು. ಅಲ್ಲಿಂದ ಕೆರೆ ಏರಿಗೆ ಬಂದೆವು. ನೀರು ತುಂಬಿತ್ತು, ಗಾಳಿ ಜೋರಾಗಿತ್ತು. ಏರಿ ಮೇಲೆ ವಾಕಿಂಗ್ ಬರುತ್ತಿದ್ದ ಒಬ್ಬರನ್ನು ಅವಳೇ ನಿಲ್ಲಿಸಿದಳು.

"ಸರ್, ನಮ್ಮಿಬ್ರುದ್ದೂ ಒಂದು ತೆಗೀರಿ. ಇವ್ರು ಯಾವಾಗ್ಲೂ ಕ್ಯಾಮೆರಾ ಹಿಂದ್ಗಡೇನೇ." ನನ್ನ ಕಡೆ ತಿರುಗಿ, "ಕೈ ಹಾಕಿ ಸಿಸ್ಟರ್, ನಾನೇನ್ ಕಚ್ಚಲ್ಲ."

ನಾನು ಅವಳ ಬೆನ್ನ ಹಿಂದಿನಿಂದ ಕೈ ಹಾಕಿದೆ. ಅವಳು ನನ್ನ ಕಡೆಗೆ ಒರಗಿದಳು. ಹಲ್ಲು ಕಾಣುವ ಹಾಗೆ ನಕ್ಕಳು. ಆ ಮನುಷ್ಯರು ಒಂದೇ ಒಂದು ತೆಗೆದು ಕ್ಯಾಮೆರಾ ಕೊಟ್ಟು ಹೋದರು. ನಾವಿಬ್ಬರೇ ಇರುವ ಫೋಟೊ ಜೀವನದಲ್ಲಿ ಅದೊಂದೇ. ಆಸ್ಪತ್ರೆಯ ಗ್ರೂಪ್ ಫೋಟೊಗಳಲ್ಲಿ ನಾನು ನಡುವೆ ಕೂತಿರುತ್ತೇನೆ, ಅವಳು ಹಿಂದಿನ ಸಾಲಿನ ತುದಿಯಲ್ಲಿ ಯಾರದೋ ತಲೆಯ ಮರೆಯಲ್ಲಿರುತ್ತಾಳೆ.

ಭಾನುವಾರ ಕಾಫಿ ಕುಡಿದು ಆರೂಕಾಲಿಗೆ ಕೆಲಸಕ್ಕೆ ಕೂತೆ. ಫೋಟೊವನ್ನು ತಿದ್ದುವ ಸಾಫ್ಟ್‌ವೇರಿಗೆ ಕಳಿಸಿದೆ. ಮೂಲವೋ ನಕಲೋ ಎಂದು ಕೇಳಿತು. ಕೈ ತಾನಾಗಿಯೇ ಮೂಲದ ಮೇಲೆ ಒತ್ತಿತು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಸೋಮವಾರ ಎಷ್ಟು ಗಂಟೆಯ ಬಸ್ಸು ಎಂಬುದು.

ಮೊದಲು ನನ್ನ ಮುಖ ಅಳಿಸಿದೆ. ಆಮೇಲೆ ಕುತ್ತಿಗೆ, ಹೆಗಲು, ಸೀರೆ. ಡ್ರೆಸಿಂಗ್ ಬಿಚ್ಚುವ ಹಾಗೆ ಅಂಚಿನಿಂದ ಒಳಕ್ಕೆ ನಿಧಾನವಾಗಿ ಬಂದೆ. ಅವಳ ಕೆನ್ನೆಯ ಪಕ್ಕಕ್ಕೆ ಬಂದಾಗ ಚಿತ್ರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಒಂದೊಂದು ಕೂದಲೆಳೆಯನ್ನೂ ಬಿಡಿಸಿದೆ. ಕೆರೆ, ಆಕಾಶ, ಆಚೆ ದಡದ ಮರಗಳು ಹೋದವು. ಆ ಜಾಗದಲ್ಲಿ ಸ್ಟುಡಿಯೋ ನೀಲಿ ತುಂಬಿದೆ. ನನ್ನ ಕೈ ಅವಳ ಬೆನ್ನ ಹಿಂದೆ ಹೋಗಿದ್ದರಿಂದ ಅದನ್ನು ಅಳಿಸುವ ಪ್ರಮೇಯವೇ ಬರಲಿಲ್ಲ. ಆದರೆ ಆಚೆ ಹೆಗಲ ಮೇಲೆ, ಸೆರಗಿನ ಅಂಚಿನ ಮೇಲೆ, ನನ್ನ ನಾಲ್ಕು ಬೆರಳು ಉಳಿದಿದ್ದವು. ಅವುಗಳನ್ನು ಮುಚ್ಚಲು ನೋಡಿದೆ. ಪಕ್ಕದ ಬಟ್ಟೆಯ ಬಣ್ಣ ತಂದು ಹಚ್ಚಿದರೆ ಅಂಚಿನ ಜರಿ ಕಲಸಿಹೋಗಿ ಸುಟ್ಟ ಕಲೆಯ ಹಾಗೆ ಕಂಡಿತು. ಹಿಂದಕ್ಕೆ ತೆಗೆದುಕೊಂಡೆ. ದೂರದಿಂದ ನೋಡಿದರೆ ನೆರಿಗೆಯ ಹಾಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ವಾರ್ಡಿನಲ್ಲಿ ಯಾವ ಹುಡುಗಿಯಾದರೂ ಹೀಗೆ ಸಮಾಧಾನ ಮಾಡಿಕೊಂಡಿದ್ದರೆ ನಾನು ಬಿಡುತ್ತಿರಲಿಲ್ಲ.

ಏಳು ಗಂಟೆಗೆ ಮುಗಿಯಿತು. ಉಳಿಸಬೇಕೆ ಎಂದು ಕೇಳಿತು, ಉಳಿಸು ಎಂದೆ. ಪೆನ್ ಡ್ರೈವಿಗೆ ಹಾಕಿಕೊಂಡು ಸಾಫ್ಟ್‌ವೇರ್ ಮುಚ್ಚಿದೆ. ಭಾನುವಾರ ಬೆಳಿಗ್ಗೆ ಫೋಟೊಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಏರಿಸುವುದು ನನ್ನ ಪದ್ಧತಿ. ವಾರದಲ್ಲಿ ಏನು ಬದಲಾಗಿದೆಯೋ ಅದನ್ನು ಅದು ತಾನೇ ಹುಡುಕಿ, ಹಳೆಯದರ ಜಾಗಕ್ಕೆ ಹೊಸದನ್ನು ಇಡುತ್ತದೆ. ಡಿಸ್ಕು ಸಿಕ್ಕಿಸಿದೆ. ಮುಗಿಯಿತು ಎಂದು ತೋರಿಸಿದ ಮೇಲೆ ತೆಗೆದು ಬೀರುವಿನಲ್ಲಿಟ್ಟೆ. ಸ್ನಾನ, ತಿಂಡಿ. ಹತ್ತಕ್ಕೆ ಸ್ಟುಡಿಯೋದಲ್ಲಿದ್ದೆ. ಸ್ಟುಡಿಯೋದವರು ಮುಖ ಸ್ವಲ್ಪ ಬೆಳ್ಳಗೆ ಮಾಡಲೇ ಎಂದು ಕೇಳಿದರು. ಬೇಡ, ಅವಳು ಕಪ್ಪಗೇ ಇದ್ದಳು ಎಂದೆ. ಹನ್ನೆರಡಕ್ಕೆ ಗಾಜು ಹಾಕಿದ ಫ್ರೇಮಿನೊಂದಿಗೆ ಮನೆಗೆ ಬಂದೆ.

ಊಟ ಮಾಡಿ ಕಂಪ್ಯೂಟರ್ ಹಚ್ಚಿದೆ. ಮಧ್ಯಾಹ್ನ ಅದನ್ನು ಹಚ್ಚುವ ರೂಢಿಯಿಲ್ಲ. ಕೆಲಸ ಮುಗಿಯಿತಲ್ಲ, ನಮ್ಮಿಬ್ಬರ ಫೋಟೊ ಒಂದು ಸಲ ನೋಡೋಣ ಎನಿಸಿತ್ತು.

ಕುಣಿಗಲ್ ಎಂಬ ಜಾಗದಲ್ಲಿ ನೀಲಿ ಬಣ್ಣ ಇತ್ತು. ನೀಲಿಯ ನಡುವೆ ಅವಳು. ಕೆಳಗೆ ನಾನೇ ಬರೆದಿಟ್ಟ ಸಾಲು: ಕೆರೆ ಏರಿ, ನಾವಿಬ್ಬರು.

ಒಂದು ನಿಮಿಷ ಏನಾಗಿದೆಯೆಂದು ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ಬೀರು ತೆಗೆದು ಡಿಸ್ಕು ತಂದು ಸಿಕ್ಕಿಸಿದೆ. ಅಲ್ಲೂ ನೀಲಿ. ಬೆಳಿಗ್ಗೆ ಏಳೂಕಾಲಿಗೆ ನಾನೇ ಕೈಯಾರೆ ಅಲ್ಲಿಗೂ ಕಳಿಸಿದ್ದೆ. ಕ್ಯಾಮೆರಾದ ಕಾರ್ಡನ್ನು ಪ್ರತಿ ಸಲವೂ ಖಾಲಿ ಮಾಡಿ ಇಡುವವಳು ನಾನು. ಅವಳದು ಕೊನೆಯವರೆಗೂ ಬಟನ್ ಫೋನು. ಅದರಲ್ಲಿ ಫೋಟೊ ಇರಲಿಲ್ಲ. ಪ್ರಿಂಟು ಯಾಕೆ ಹಾಕಿಸಿರಲಿಲ್ಲವೆಂದರೆ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು. ಸ್ಟುಡಿಯೋಗೆ ಫೋನ್ ಮಾಡಿದೆ. ಅಳಿಸಿದ್ದಾದರೆ ಕೆಲವು ಸಲ ತೆಗೆಯಬಹುದು ಮೇಡಂ, ಅದರ ಮೇಲೇ ಬರೆದದ್ದಾದರೆ ಸಿಗುವುದಿಲ್ಲ ಎಂದರು. ಏನು ಫೋಟೊ ಎಂದು ಕೇಳಿದರು. ಏನಿಲ್ಲ, ಹಳೆಯದು ಎಂದು ಫೋನ್ ಇಟ್ಟೆ.

ಆ ದಿನದ ಉಳಿದ ಹೊತ್ತು ಎಂದಿನಂತೆಯೇ ಕಳೆಯಿತು. ನಾಲ್ಕಕ್ಕೆ ಕಾಫಿ ಕುಡಿದೆ, ಆರಕ್ಕೆ ದೀಪ ಹಚ್ಚಿದೆ. ಯಾರಿಗಾದರೂ ಹೇಳಬೇಕೆನಿಸಿತು. ಇಂಥ ದಡ್ಡತನಗಳನ್ನು ನಾನು ಹೇಳಿಕೊಳ್ಳುತ್ತಿದ್ದದ್ದು ಒಬ್ಬಳಿಗೇ.

ಸೋಮವಾರ ಬೆಳಿಗ್ಗೆ ಗುಬ್ಬಿಗೆ ಬಸ್ಸು ಹಿಡಿದು, ಅಲ್ಲಿ ಇಳಿದು ಕಡಬದ ಬಸ್ಸು ಹತ್ತಿದೆ. ಫ್ರೇಮನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ನೆಟ್ಟಗೆ ಹಿಡಿದಿದ್ದೆ. ಕೆರೆಯ ಹತ್ತಿರ ಇಳಿದು ತೆಂಗಿನ ತೋಟದ ಅಂಚಿನಲ್ಲಿ ನಡೆದರೆ ಅವರ ಮನೆ. ಅವಳ ಸಮಾಧಿ ಆ ತೋಟದಲ್ಲೇ. ಮಣ್ಣಿನ ಮೇಲೆ ತೆಂಗಿನ ಗರಿ ಹಾಸಿದ್ದರು. ಅಲ್ಲಿ ಸ್ವಲ್ಪ ನಿಂತು ಮನೆಗೆ ಹೋದೆ.

ಅವಳ ತಮ್ಮ ಫ್ರೇಮು ಬಿಚ್ಚಿ ಜಗಲಿಯ ಗೋಡೆಗೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕಣ್ಣೊರೆಸಿಕೊಂಡ. ಅಕ್ಕ ಈಗ ಮಾತಾಡಿಬಿಡುತ್ತಾಳೆ ಎಂಬ ಹಾಗಿದೆ ಎಂದ. ಅವನ ಹೆಂಡತಿ ಒಳಗಿನಿಂದ ಬಂದು ನೋಡಿದಳು. ಕೊನೆಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದು, ಫೋಟೊದ ಮುಂದೆ ಕುಕ್ಕುರು ಕೂತು, ಗಾಜಿಗೆ ಮೂಗು ತಗಲುವಷ್ಟು ಹತ್ತಿರ ಹೋದರು.

"ಇದ್ಯಾರ್ದವ್ವ ಕೈ?"

ತಮ್ಮ ಬಗ್ಗಿ ನೋಡಿ, "ಸೆರಗಿನ ನೆರಿಗೆ ಕಣತ್ತೆ" ಎಂದ.

"ನೆರಿಗೆಗೆ ಉಗುರು ಇರ್ತವೇನ್ಲಾ? ನಿಮ್ಮಕ್ಕಾನೂ ಈಯಮ್ಮಾನೂ ಸೇರ್ಕೊಂಡೇ ನಂಗೆ ಕಣ್ಣು ಆಪ್ರೇಸನ್ ಮಾಡ್ಸಿದ್ದು. ಚೆಂದಾಗೇ ಕಾಣ್ತದೆ."

ಅದು ನಿಜ. ಮೂರು ವರ್ಷದ ಹಿಂದೆ ನಾವಿಬ್ಬರೇ ಆಕೆಯನ್ನು ತುಮಕೂರಿಗೆ ಕರೆತಂದು ಪೊರೆ ತೆಗೆಸಿದ್ದೆವು. ಹದಿನೈದು ದಿನ ನಮ್ಮ ಮನೆಯಲ್ಲೇ ಇಟ್ಟುಕೊಂಡು ಕಣ್ಣಿಗೆ ಹನಿ ಹಾಕಿದ್ದೆವು.

ಆ ಕೈ ನನ್ನದು ಎಂದೆ. ಅಳಿಸಲು ನೋಡಿದೆ, ಸರಿಯಾಗಿ ಬರಲಿಲ್ಲ ಎಂದೆ. ತಮ್ಮನಿಗೆ ಮುಜುಗರವಾಯಿತು. ಹಾರವನ್ನು ಸ್ವಲ್ಪ ಅಗಲವಾಗಿ ಹಾಕಿದರೆ ಬೆರಳು ಕಾಣುವುದಿಲ್ಲ, ನನ್ನನ್ನು ಮತ್ತೆ ಓಡಾಡಿಸುವುದು ಬೇಡ ಎಂದು ಹೇಳಲು ಹೊರಟ. ಅತ್ತೆ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಮುಚ್ಚುದ್ರೆ ಇಲ್ದಂಗಾಯ್ತದಾ? ಹೂವು ನಾಳೆ ಒಣಗ್ತದೆ, ಬೆರಳು ಅಲ್ಲೇ ಇರ್ತವೆ. ಬದುಕಿರೋಳ ಕೈಗೆ ಹಾರ ಹಾಕ್ಬಾರ್ದು ಕಣವ್ವ. ನಮ್ಗೇನ್ ಆಗ್ಬುಡ್ತದೆ ಅಂತಲ್ಲ, ನಿನ್ನ ಆಯುಸ್ಸಿಗೇ ನಾನ್ ಹೇಳ್ತಿರೋದು. ತೆಗ್ದು ತಂದುಬುಡು."

ನನ್ನ ಆಯುಸ್ಸಿನ ಚಿಂತೆ ಮಾಡುವವರು ಒಬ್ಬರು ಉಳಿದಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ಆಕೆ ಕೇಳುತ್ತಿದ್ದದ್ದು ಏನೆಂದು ಆಕೆಗೆ ಗೊತ್ತಿರಲಿಲ್ಲ. ಆ ನಾಲ್ಕು ಬೆರಳು ಬಿಟ್ಟರೆ ನಾವಿಬ್ಬರು ಒಟ್ಟಿಗೆ ಇರುವುದು ಇನ್ನೆಲ್ಲೂ ಉಳಿದಿರಲಿಲ್ಲ. ಹೇಳಿದ್ದರೆ ಅರ್ಥಮಾಡಿಕೊಳ್ಳುತ್ತಿದ್ದರೇನೋ. ಆದರೆ ಸಾವಿನ ಮನೆಯ ಜಗಲಿಯಲ್ಲಿ ಕೂತು, ನನ್ನ ಫೋಟೊ ಹೋಯಿತು ಎಂದು ಹೇಳುವುದು ಹೇಗೆ? ಆ ಮನೆಯಲ್ಲಿ ನಾನು ಅಕ್ಕನ ಜೊತೆಯಲ್ಲಿದ್ದವಳು. ಸೂತಕವೂ ಇಲ್ಲ, ಶಾಸ್ತ್ರವೂ ಇಲ್ಲ. ಆಗಲಿ, ಬೆಳಿಗ್ಗೆ ಮೊದಲ ಬಸ್ಸಿಗೆ ತರುತ್ತೇನೆ ಎಂದೆ. ಫ್ರೇಮನ್ನು ಅತ್ತೆ ಗೋಡೆ ಕಡೆಗೆ ತಿರುಗಿಸಿಟ್ಟರು.

ಮನೆಗೆ ಬಂದಾಗ ಒಂದೂವರೆ. ಅನ್ನ ಸಾರು ಉಂಡು ಎರಡಕ್ಕೆ ಕೂತೆ. ಫೋಟೊ ಕಳಿಸುವಾಗ ಮತ್ತೆ ಅದೇ ಪ್ರಶ್ನೆ ಬಂತು. ಮೂಲವೋ, ನಕಲೋ? ಮೊದಲ ಸಲ ನಕಲು ಎಂದು ಒತ್ತಿದೆ. ಒತ್ತಿ, ನಿಜವಾಗಿಯೂ ನಕಲಾಯಿತೇ ಎಂದು ಹಿಂದಕ್ಕೆ ಹೋಗಿ ನೋಡಿದೆ. ಮತ್ತೆ ಬಂದೆ. ಮತ್ತೆ ಹೋಗಿ ನೋಡಿದೆ. ಮೂರನೆಯ ಸಲವೂ ನೋಡಿ ಬಂದ ಮೇಲೆ ಕೆಲಸ ಶುರುಮಾಡಿದೆ.

ಈ ಸಲ ಅವಸರ ಮಾಡಲಿಲ್ಲ. ಸೆರಗಿನ ಕೆಳಗಿನ ಭಾಗದಿಂದ ಅಂಚಿನ ಒಂದು ತುಂಡನ್ನು ಎತ್ತಿ, ಹೆಗಲಿನ ಓರೆಗೆ ಸರಿಯಾಗಿ ತಿರುಗಿಸಿ, ಬೆರಳುಗಳ ಮೇಲೆ ಕೂರಿಸಿದೆ. ಜರಿಯ ಗೆರೆಗೆ ಗೆರೆ ಕೂಡಿಸಿದೆ. ರವಿಕೆಯ ಮೂಲೆ ಹೊಲಿಯುವಾಗ ಅವಳು ಹೀಗೆಯೇ ಗೆರೆಗೆ ಗೆರೆ ಕೂಡಿಸುತ್ತಿದ್ದಳು. ಕೂಡದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಕಿರುಬೆರಳು ಮೊದಲು ಹೋಯಿತು. ಉಂಗುರದ ಬೆರಳು, ನಡುಬೆರಳು. ತೋರುಬೆರಳಿನ ತುದಿ ಕುತ್ತಿಗೆಯ ಪಕ್ಕದಲ್ಲಿತ್ತು, ಅದರ ನೆರಳು ಅವಳ ಚರ್ಮದ ಮೇಲೆ ಬಿದ್ದಿತ್ತು. ನೆರಳನ್ನೂ ತೆಗೆಯಬೇಕಾಯಿತು. ನಾಲ್ಕು ಗಂಟೆಗೆ ಮುಗಿಯಿತು. ಎಲ್ಲಿ ಕೈ ಇತ್ತೆಂದು ಹೇಳಲಾಗದಷ್ಟು ಅಚ್ಚುಕಟ್ಟಾಗಿತ್ತು. ಅತ್ತೆಯ ಕಣ್ಣಿಗೂ ಕಾಣುವುದಿಲ್ಲ.

ಉಳಿಸಿ ಹಿಂದಕ್ಕೆ ಬಂದು ನೋಡಿದರೆ ಸಾಲಿನಲ್ಲಿ ಎರಡು ಅವಳು ಪಕ್ಕಪಕ್ಕದಲ್ಲಿ. ಒಂದಕ್ಕೆ ಬೆರಳು ಇದೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ಹಾಗೆಯೇ ಬಿಟ್ಟೆ. ಐದಕ್ಕೆ ಸ್ಟುಡಿಯೋಗೆ ಹೋಗಿ ಹೊಸದಕ್ಕೆ ಫ್ರೇಮು ಹಾಕಿಸಿದೆ. ಅಲ್ಲೇ ಪಕ್ಕದಲ್ಲಿ ಒಂದು ಕುರ್ಚಿ ಇತ್ತು. ಪ್ರಿಂಟು ಒಣಗುವ ತನಕ ಅದರಲ್ಲಿ ಕೂತಿದ್ದೆ. ಮದುವೆಯ ಆಲ್ಬಮ್ ನೋಡಲು ಬಂದ ಗಂಡಹೆಂಡತಿ ಯಾವ ಫೋಟೊದಲ್ಲಿ ಯಾರ ಚಿಕ್ಕಪ್ಪ ಬಿಟ್ಟುಹೋಗಿದ್ದಾರೆ ಎಂದು ಜಗಳವಾಡುತ್ತಿದ್ದರು.

ತಿಥಿ ಚೆನ್ನಾಗಿ ನಡೆಯಿತು. ಶಾಮಿಯಾನದ ಕೆಳಗೆ, ಮೇಜಿನ ಮೇಲೆ, ಅವಳು ನೀಲಿಯ ನಡುವೆ ನಗುತ್ತಿದ್ದ ಫೋಟೊ. ಅತ್ತೆ ಮತ್ತೆ ಮೂಗು ತಗಲಿಸಿ ನೋಡಿ ತಲೆಯಾಡಿಸಿದರು. ತಮ್ಮ ಹಾರ ಹಾಕಿದ. ಎಡೆಗೆ ಅವಳಿಗೆ ಇಷ್ಟವಾದದ್ದೆಲ್ಲ ಇಟ್ಟರು. ಮುದ್ದೆ, ಹುರುಳಿಕಾಳು ಬಸ್ಸಾರು, ಒಬ್ಬಟ್ಟು. ಖಾರದ ಕಡಲೆಬೀಜದ ಪೊಟ್ಟಣ ಇಡಿ ಎಂದು ನಾನು ಹೇಳಿದೆ; ಅದು ಅವರಿಗೆ ಗೊತ್ತಿರಲಿಲ್ಲ. ಹೆಂಗಸರು ಸಾಲಾಗಿ ಹೂ ಹಾಕಿದರು. ನನ್ನ ಸರದಿ ನೆರೆಮನೆಯವರ ಜೊತೆಯಲ್ಲಿ ಬಂತು.

ಊಟದ ಸಾಲಿನಲ್ಲಿ ಸಾರು ಬಡಿಸುತ್ತಾ ಬಂದ ತಮ್ಮನ ಹೆಂಡತಿ ನನ್ನ ಎಲೆಯ ಮುಂದೆ ನಿಂತು ಬಗ್ಗಿದಳು.

"ಅಕ್ಕ, ಬೆರಳು ತೆಗ್ದಿದ್ದು ಗೊತ್ತೇ ಆಗಲ್ಲ. ಆದ್ರೆ ಇದ್ರಲ್ಲಿ ಅತ್ಗೆ ಯಾರ್ಗೋ ಒರಗ್ಕೊಂಡಂಗೆ ಐತೆ. ಯಾರೂ ಇಲ್ವಲ್ಲ ಅಲ್ಲಿ."

ನಾನು ಎಲೆಯಿಂದ ತಲೆ ಎತ್ತಿ ಫೋಟೊ ನೋಡಿದೆ. ಅವಳು ಹೇಳಿದ್ದು ಸರಿ. ಎರಡು ದಿನ ಆ ಫೋಟೊವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿದವಳಿಗೆ ಅದು ಕಂಡಿರಲಿಲ್ಲ. ಫೋಟೊದಲ್ಲಿ ಸಿಸ್ಟರ್ ತಲೆ, ಹೆಗಲು ಎಲ್ಲ ಒಂದು ಕಡೆಗೆ ವಾಲಿದ್ದವು. ಆ ಕಡೆ ಬರೀ ನೀಲಿ. ಸಾಫ್ಟ್‌ವೇರಿನಲ್ಲಿ ಅದನ್ನು ನೆಟ್ಟಗೆ ಮಾಡುವುದು ಎರಡು ನಿಮಿಷದ ಕೆಲಸ, ಬೇಕಾದರೆ ಮಾಡಿಕೊಡಬಹುದು ಎಂದೆ. ಅವಳು ಸೌಟು ಹಿಡಿದು ಯೋಚಿಸಿದಳು. ಬೇಡ, ಹಾಗೇ ಇರಲಿ ಎಂದು ಮುಂದಿನ ಎಲೆಗೆ ಹೋದಳು.

ಹೊರಡುವಾಗ ಅತ್ತೆ ಮೊದಲಿನ ಫ್ರೇಮನ್ನು ಹಳೆಯ ಸೀರೆ ತುಂಡಿನಲ್ಲಿ ಕಟ್ಟಿ ತಂದುಕೊಟ್ಟರು. ಇದು ಈ ಮನೆಯಲ್ಲಿ ಇರುವುದು ಬೇಡ ಎಂದರು. ಬೀಳ್ಕೊಡುವ ಶಾಸ್ತ್ರ ತಿಥಿಯ ದಿನ ಇಲ್ಲ, ಹೋಗಿ ಬರುತ್ತೇನೆ ಎನ್ನುವ ಹಾಗೂ ಇಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿದೆ. ಆಕೆ ಹಿಂದಿನಿಂದ ಹೇಳಿದರು.

"ನಿನ್ ಕೈ ನಿನ್ ತಾವೇ ಇರ್ಲಿ."

ಕಡಬದಿಂದ ಗುಬ್ಬಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಟ್ಟೆಯ ಗಂಟು ಕುಲುಕಾಟಕ್ಕೆ ಸಡಿಲವಾಗಿ ಜಾರಿತು. ಮತ್ತೆ ಕಟ್ಟಲು ಹೋಗದೆ ಫ್ರೇಮನ್ನು ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡೆ. ಪಕ್ಕದಲ್ಲಿ ಕೂತಿದ್ದವಳು ವೀಳ್ಯದೆಲೆಯ ಚೀಲ ಕಾಲ ಬಳಿ ಇಟ್ಟುಕೊಂಡ ಹೆಂಗಸು, ಸಂತೆಗೆ ಹೊರಟವಳಿರಬೇಕು. ಸ್ವಲ್ಪ ಹೊತ್ತು ಫೋಟೊ ನೋಡಿದಳು.

"ನಿಮ್ಮಕ್ಕಾರಾ?"

ಅಲ್ಲ, ಜೊತೆಯಲ್ಲಿದ್ದವರು ಎಂದೆ. ತೀರಿಕೊಂಡರೇ ಎಂದು ಕೇಳಿದಳು. ಹೂಂ ಎಂದೆ. ಎಷ್ಟು ಚೆನ್ನಾಗಿ ನಗುತ್ತಿದ್ದಾರೆ, ಒಬ್ಬರೇ ನಿಂತು ತೆಗೆಸಿಕೊಂಡಿದ್ದಾರೆ, ನನಗಂತೂ ಒಬ್ಬಳೇ ನಿಂತರೆ ನಗುವೇ ಬರುವುದಿಲ್ಲ ಎಂದಳು.

"ಒಬ್ರೇ ಅಲ್ಲ. ನಾನೂ ಇದೀನಿ" ಎಂದೆ. ಹೆಗಲ ಮೇಲೆ ತೋರಿಸಿದೆ. "ಇದು ನನ್ನ ಕೈ."

ಅವಳು ಬಗ್ಗಿ ಗಾಜಿನೊಳಗಿನ ಬೆರಳುಗಳನ್ನು ನೋಡಿದಳು. ಫ್ರೇಮಿನ ಅಂಚು ಹಿಡಿದಿದ್ದ ನನ್ನ ಬೆರಳುಗಳನ್ನು ನೋಡಿದಳು. ಮತ್ತೆ ಒಂದು ಸಲ ಅದನ್ನೂ ಇದನ್ನೂ ನೋಡಿ, "ಊಂ, ಅದೇ ಕೈಯಿ" ಎಂದಳು. ಆಮೇಲೆ ಫ್ರೇಮು ಸರಿಯಾಗಿ ಕೂರಲಿ ಎಂದು ಸೀಟಿನ ತುದಿಗೆ ಸರಿದು ನನಗೆ ಜಾಗ ಬಿಟ್ಟಳು.